ತೊಳೆಯುವ ಟ್ರೇಗೆ ಬಿದ್ದ ಆರನೆಯ ಮುಖ

ಮಾರ್ಚ್ ೧೧, ಮಂಗಳವಾರ

ಕೈ ಇನ್ನೂ ಡಾರ್ಕ್‌ರೂಮಿನ ಹೈಪೋ ದ್ರಾವಣದ ನಾತ ಹೊಡೆಯುತ್ತಿದೆ. ಎಲ್ಲ ನನ್ನ ತಮ್ಮನ ಕೃಪೆ.

ತೀರಿಹೋದ ಅಮ್ಮನ ಒಂದೇ ಫೋಟೋದ ಐದು ಪ್ರಿಂಟ್ ಹಾಕಿದ್ದೆ, ಒಡಹುಟ್ಟಿದವರಿಗೆ ಮನೆಗೊಂದರಂತೆ. ನೆಗೆಟಿವ್‌ಗೆ ಬೂಷ್ಟು ಹಿಡಿದಿದೆ, ಇನ್ನೊಮ್ಮೆ ಪ್ರಿಂಟ್ ಹಾಕುವ ಮಾತಿಲ್ಲ. ಚಿತ್ರ ಅಳಿಯದೆ ನಿಲ್ಲಲು ಹೈಪೋ ಬೇಕು, ಕಾಗದದೊಳಗೆ ಉಳಿದರೆ ಅದೇ ಚಿತ್ರವನ್ನು ತಿನ್ನುತ್ತದೆ. ಈ ಫೈಬರ್ ಫೋಟೋ ಕಾಗದವೋ ಹೈಪೋ ಹೀರುವುದರಲ್ಲಿ ಮಹಾ ಕುಡುಕ. ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆಯದಿದ್ದರೆ ಕೆಲವೇ ವರ್ಷಕ್ಕೆ ಅಮ್ಮನಿಗೆ ಕಾಮಾಲೆ.

ಸಂಜೆ ಐವತ್ತು ನಿಮಿಷ ತೊಳೆದು, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಹೊರಗೆ ಹೋದೆ. ಬರುವಷ್ಟರಲ್ಲಿ ಮಹಾನುಭಾವ ಆರನೆಯದೊಂದನ್ನು ಹೈಪೋದಿಂದ ಎತ್ತಿ ನೇರ ಅದೇ ಟ್ರೇಗೆ ಬಿಟ್ಟಿದ್ದಾನೆ. ಯಾರ ಚಿತ್ರ? ಅವನದೇ!

"ಜಾಗ ಇತ್ತಲ್ಲಣ್ಣ, ನೀರು ಹೇಗೂ ಹರೀತಿತ್ತು."

"ಅದರ ಹೈಪೋನ ಈ ಐದೂ ಮತ್ತೆ ಕುಡಿದ್ವಲ್ಲೋ! ಮೊದಲಿಂದ ತೊಳೀಬೇಕು."

"ಒಂದು ಮುಖಕ್ಕೆ ಇಷ್ಟು ರಾದ್ಧಾಂತಾನಾ? ಅಮ್ಮ ಇದ್ದಿದ್ರೆ ಏನೂ ಅಂತಿರ್ಲಿಲ್ಲ."

ಇಪ್ಪತ್ತು ವರ್ಷದಿಂದ ಫೋಟೋಗ್ರಾಫರ್ ಎಂದು ಹೇಳಿಕೊಂಡು ತಿರುಗುವ ಪ್ರಾಣಿ. ಕೊರಳಿಗೆ ಕ್ಯಾಮೆರಾದ ಭಾರ, ತಲೆಗೆ ವರ್ಷವಿಡೀ ಭಾನುವಾರ.

ಅವನು ಊಟಕ್ಕೆ ಹೋದ. ನಾನು ಹೊಸ ನೀರು ಬಿಟ್ಟು ಆರನ್ನೂ ಮೊದಲಿನಿಂದ ತೊಳೆಯತೊಡಗಿದೆ. ಹತ್ತೇ ನಿಮಿಷಕ್ಕೆ ಅವನ ಮುಖವನ್ನು ಎತ್ತಿ ಹಿಡಿದೆ. ಇಷ್ಟೇ ಸಾಕು, ಹಳದಿಯಾಗಲಿ, ಯಾರಿಗೆ ಗೊತ್ತಾಗುತ್ತದೆ? ಟ್ರೇಯೊಳಗಿನ ಐದೂ ಅಮ್ಮಂದಿರು ನನ್ನನ್ನೇ ನೋಡುತ್ತಿದ್ದರು.

ಥೂ. ವಾಪಸ್ ಹಾಕಿದೆ. ಪೂರ್ತಿ ಒಂದು ಗಂಟೆ ತೊಳೆದೆ.

ಆದರೆ ಅವನ ಮುಖವನ್ನು ಬೋರಲು ಹಾಕಿ.