ಅಂಟಿನುಂಡಿಗೆ ಸುತ್ತಿದ ಹಾಳೆಗಳು

ಪುಣೆ,
ಗುರುವಾರ, ೧೨ ಡಿಸೆಂಬರ್ ೧೯೯೬

ಚಿರಂಜೀವಿ ಮಧುಕರನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೆ ಆಶೀರ್ವಾದದಲ್ಲಿ ಕಡಿಮೆ ಮಾಡಿಲ್ಲ. ಈ ಚಳಿಯಲ್ಲಿ ನಿನ್ನ ಉಬ್ಬಸ ಹೇಗಿದೆ? ತಣ್ಣೀರಿನ ಸ್ನಾನದ ಹಟವನ್ನು ಬಿಟ್ಟೆಯೋ ಇಲ್ಲವೋ? ಸ್ವರ್ಣಲತೆಯ ಸೊಂಟನೋವು ಇಳಿದಿದೆಯೆ? ನಾವಿಬ್ಬರೂ ನೆಟ್ಟಗಿದ್ದೇವೆ. ನನ್ನ ಮೊಣಕಾಲಿನ ವಿಷಯ ಮಾತ್ರ ಕೇಳಬೇಡ. ಅದಕ್ಕೆಂದೇ ನೀವು ಅಂಟಿನುಂಡಿ ಮಾಡಿ ಕಳಿಸಿದಿರಿ, ಈ ಜಗಳವೂ ಅಲ್ಲಿಂದಲೇ ಹುಟ್ಟಿತು.

ಡಬ್ಬಿ ನಿನ್ನೆ ಮುಂಜಾನೆ ಮುಟ್ಟಿತು. ನಮ್ಮ ಕೆಳಗಿನ ಮನೆಯ ಶಂಕ್ರೆಪ್ಪನವರು, ಮಗಳ ಮದುವೆ ಗೊತ್ತಾದಾಗಿನಿಂದ ವಾರಕ್ಕೆರಡು ಸಲ ಧಾರವಾಡಕ್ಕೆ ಓಡುತ್ತಿರುವವರು, ಸ್ವಾರಗೇಟ್ ಬಸ್ ನಿಲ್ದಾಣದಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡೇ ರಿಕ್ಷಾದಲ್ಲಿ ತಂದರು. ಇಂದು ಸಂಜೆ ಅವರೇ ಮತ್ತೆ ಹೊರಟಿದ್ದಾರೆ, ಈ ಪತ್ರವನ್ನು ಅವರ ಕೈಯಲ್ಲಿ ಕೊಡುತ್ತೇನೆ. ಡಬ್ಬಿಯಲ್ಲಿ ಹನ್ನೆರಡು ಉಂಡಿ, ಒಂದೂ ಒಡೆದಿರಲಿಲ್ಲ, ಏಕೆಂದರೆ ಒಂದೊಂದಕ್ಕೂ ಒಂದೊಂದು ಹಾಳೆ ಸುತ್ತಿದ್ದಿರಿ. ಮೊದಲನೆಯದನ್ನು ಬಿಚ್ಚಿ ನಿನ್ನ ಭಾವನವರಿಗೆ ಕೊಟ್ಟೆ. ಎರಡನೆಯದನ್ನು ಬಿಚ್ಚುವಾಗ ಮೂಲೆಯಲ್ಲಿ ಕೆಂಪು ಮಸಿಯ ಅಂಕಿ ಕಂಡಿತು: ಮೂವತ್ತೊಂದು. ಅಪ್ಪನ ಕೈಯ ಅಂಕಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು, ಕೈಬರಹವನ್ನು ಗುರುತಿಸುವಲ್ಲಿ ತಪ್ಪುವವಳಲ್ಲ.

ಆ ಹಾಳೆಗಳಿದ್ದ ಪುಸ್ತಕ ಅಂಗಡಿಯಲ್ಲಿ ಕೊಂಡದ್ದಲ್ಲ ಎಂಬುದು ನಿನಗೆ ತಿಳಿಯದಿರಬಹುದು, ನೀನಾಗ ತೊಟ್ಟಿಲಲ್ಲಿದ್ದೆ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯನ್ನು ಅಪ್ಪ ವಾರವಾರವೂ ಕತ್ತರಿಸಿ, ಪುಟಗಳಿಗೆ ಅಂಕಿ ಹಾಕಿ, ದಬ್ಬಳದಿಂದ ಹೊಲಿದು, ಮೈದಾ ಅಂಟಿನಿಂದ ರಟ್ಟು ಹಚ್ಚಿದ್ದರು. ಆ ಕಥೆ ಮುಂದೆ ಪುಸ್ತಕವಾಗಿ ಅಚ್ಚಾಗಲೇ ಇಲ್ಲ. ನಾನು ಬಲ್ಲಂತೆ ಅದರ ಪ್ರತಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುವಾಗ ನಾನು ಅದನ್ನು ಗಟ್ಟಿಯಾಗಿ ಓದಬೇಕು, ಇದು ನಮ್ಮ ಅಡಿಗೆಮನೆಯ ಕಟ್ಟಳೆಯಾಗಿತ್ತು. ಅವ್ವನಿಗೆ ಅಕ್ಷರ ಬಾರದು. ಆದರೂ ಎರಡನೆಯ ಸಲ ಓದುವಾಗ ನಾನು ಒಂದು ಸಾಲು ಹಾರಿಸಿದರೆ, "ಏ ಗೋದಾ, ನಡುವ ಏನೋ ನುಂಗಿದಿ, ಹಿಂದ ಹೋಗು" ಎನ್ನುತ್ತಿದ್ದಳು. ಕಥೆಯಲ್ಲಿ ಸಂಕಟ ಬಂದ ದಿನ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅಪ್ಪ ಅದನ್ನು ಮುರಿದು ನೋಡಿ, "ಇವತ್ತ ಕಥೀ ರಂಗೇರಿರಬೇಕು" ಎಂದು ನಗುತ್ತಲೇ ತಿನ್ನುತ್ತಿದ್ದರು. ನಾನು ಸ್ಪಷ್ಟವಾಗಿ ಓದಲು ಕಲಿತದ್ದು ಶಿಕ್ಷಕಿಯರ ತರಬೇತಿಯಲ್ಲಲ್ಲ, ಆ ಒಲೆಯ ಮುಂದೆ.

ನಿನ್ನೆಯೇ ಎಸ್‌ಟಿಡಿ ಬೂತಿಗೆ ಹೋಗಿ ನಿನ್ನ ಆಫೀಸಿಗೆ ಫೋನು ಮಾಡಿದೆ. ನೀನು ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಬರೆಯುತ್ತೇನೆ: "ಅಕ್ಕಾ, ಹುಳಾ ಹತ್ತಿದ ಪುಸ್ತಕ ಅದು. ಮನೀಗೆ ಬಣ್ಣಾ ಹಚ್ಚಸೂ ಮುಂದ ಎಲ್ಲಾ ರದ್ದಿಯವಗ ಹಾಕಿದ್ವಿ. ಹೊಲಿಗಿ ಬಿಚ್ಚಿ ಬಿದ್ದ ನಾಕ್ ಹಾಳಿ ಇಷ್ಟ ಉಳದಿದ್ವು. ಅದಿರಲಿ, ಉಂಡಿ ಹ್ಯಾಂಗ ಆಗ್ಯಾವ ಹೇಳು." ನಾನು ಫೋನು ಕೆಳಗಿಟ್ಟೆ. ಮನೆಗೆ ಬಂದರೆ ನಿನ್ನ ಭಾವನವರು ಮೂರನೆಯ ಉಂಡಿಯಲ್ಲಿದ್ದರು. "ಪುಸ್ತಕದ ಸಿಟ್ಟ ಉಂಡಿ ಮ್ಯಾಲ್ಯಾಕ? ಭಾಳ ಛಲೋ ಆಗ್ಯಾವ, ಒಂದ್ ಬಾಯಾಗ ಹಾಕ್ಕೋ, ತಣ್ಣಗಾಗತೀ" ಎಂದರು. ನಾನು ಇದುವರೆಗೆ ಮುಟ್ಟಿಲ್ಲ. ಇನ್ನೊಮ್ಮೆ ಫೋನನ್ನೂ ಮಾಡಲಾರೆ. ಸಿಟ್ಟಿನಲ್ಲಿ ನನ್ನ ಮಾತು ಕೆಡುತ್ತದೆ, ಬರಹ ಕೆಡುವುದಿಲ್ಲ.

ಹುಳ ಹತ್ತಿದ ಬೇಳೆಯನ್ನು ಸ್ವರ್ಣಲತಾ ಬಿಸಿಲಿಗೆ ಹಾಕಿ, ಹಸನು ಮಾಡಿ, ಮತ್ತೆ ಡಬ್ಬಿಗೆ ತುಂಬುತ್ತಾಳೆ. ತಿಪ್ಪೆಗೆ ಎಸೆದದ್ದನ್ನು ನಾನು ಕಂಡಿಲ್ಲ. ಪುಸ್ತಕಕ್ಕೆ ಅಷ್ಟು ಬಿಸಿಲನ್ನೂ ತೋರಿಸಲು ನಿನ್ನಿಂದಾಗಲಿಲ್ಲವೆ? ಅವ್ವನ ಪಾತ್ರೆಗಳನ್ನು ಹಂಚುವಾಗ ನಾನು ಒಂದು ತಂಬಿಗೆಯನ್ನೂ ಕೇಳಿದವಳಲ್ಲ. ನಿಜ, ಆ ವರ್ಷ ನೀನೇ "ಪುಸ್ತಕಾ ಒಯ್ಯಕ್ಕಾ" ಎಂದಿದ್ದೆ. ಎರಡು ಕೋಣೆಯ ಮನೆಯಲ್ಲಿ ಎಲ್ಲಿಡಲಿ ಎಂದು ಬಿಟ್ಟುಬಂದವಳು ನಾನೇ. ಅದು ನನ್ನ ತಪ್ಪು, ಅದನ್ನು ಬೇರೆಯವರ ಮೇಲೆ ಹಾಕುವುದಿಲ್ಲ. ಆದರೆ ನಿನ್ನಲ್ಲೇ ಇರಲಿ ಎಂದು ಬಿಟ್ಟುಬಂದವಳನ್ನು, ರದ್ದಿಗೆ ಹಾಕುವ ಮುನ್ನ ಒಂದು ಮಾತು ಕೇಳಬೇಕಾಗಿತ್ತು. ಡಬ್ಬಿಯೊಳಗಿನ ನಿನ್ನ ಎರಡು ಸಾಲಿನ ಚೀಟಿಯಲ್ಲಿ ಮೂರು ತಪ್ಪುಗಳಿವೆ. ಅವನ್ನು ತಿದ್ದುವ ಮನಸ್ಸೂ ಇಂದು ನನಗಿಲ್ಲ.

ಆದ್ದರಿಂದ ಕೇಳು. ಆ ರದ್ದಿಯವನ ಅಂಗಡಿಗೆ ಹೋಗು, ಪುಸ್ತಕವನ್ನು ಹುಡುಕಿ ತೆಗೆ. ಅದು ಮನೆಗೆ ಬರುವವರೆಗೆ ನಾನು ಆ ಹೊಸ್ತಿಲು ತುಳಿಯುವುದಿಲ್ಲ. ಸಂಕ್ರಮಣಕ್ಕೆ ನನ್ನ ದಾರಿ ನೋಡಬೇಡಿರಿ. ಸ್ವರ್ಣಲತೆಗೆ ಏನೂ ಅನ್ನಬೇಡ. ಉಂಡಿ ಕಟ್ಟಿದ್ದು ಅವಳಾದರೂ ಹಾಳೆ ಎತ್ತಿಕೊಟ್ಟವನು ನೀನೇ ಇರಬೇಕು.

ಅವಳಿಗೆ ನನ್ನ ಆಶೀರ್ವಾದ ತಿಳಿಸು. ಹೊರಗೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೋ.

ನಿನ್ನ ಅಕ್ಕ,
ಗೋದಾ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಮ್ಮ ಮಂದಾರ ಚಿಂಚವಾಡದಿಂದ ಬಂದು ತನ್ನ ಮಗಳು ಹರ್ಷದಾಳನ್ನು ಬಿಟ್ಟುಹೋದ, ಅವಳ ಶಾಲೆಗೆ ರವಿವಾರದವರೆಗೆ ಸೂಟಿ. ಅವಳದು ಮರಾಠಿ ಶಾಲೆ. ಮೊಮ್ಮಗಳೆಂದು ಕನಿಕರಿಸದೆ ನಾನೇ ಕೂಡ್ರಿಸಿ ಕನ್ನಡ ಅಕ್ಷರ ಕಲಿಸಿದ್ದೆ, ಆದರೆ ಗದರಿಸದೆ ಒಂದು ಸಾಲನ್ನೂ ಓದಿದವಳಲ್ಲ. ಉಂಡಿ ತಿನ್ನಲು ಕುಳಿತವಳು ಹಾಳೆಗಳ ಸುಕ್ಕು ಬಿಡಿಸಿ, ಅಂಕಿಯ ಪ್ರಕಾರ ಜೋಡಿಸಿ, ಬೆರಳಿಟ್ಟು ಓದತೊಡಗಿದಳು. ಒಂದು ತಾಸಿನ ಮೇಲಾಯಿತು. ಹೊಳೆಗೆ ಮಹಾಪೂರ ಬಂದು ದೋಣಿಯ ಹಗ್ಗ ಹರಿಯುವಲ್ಲಿ ನಲವತ್ತನಾಲ್ಕನೆಯ ಪುಟ ಮುಗಿದುಹೋಗಿದೆ. "ಅಜ್ಜಿ, ಪುಢೇ ಕಾಯ ಝಾಲಂ?" ಎಂದಳು. ನಾನು ಸುಮ್ಮನಿದ್ದದ್ದು ಮರಾಠಿಯಲ್ಲಿ ಕೇಳಿದ ಸಿಟ್ಟಿಗೆ ಎಂದುಕೊಂಡು, "ಮುಂದ ಏನಾತು, ಹೇಳು" ಎಂದು ಕನ್ನಡದಲ್ಲಿ ಕೇಳಿದಳು. ಮಧುಕರ, ನನಗೆ ನೆನಪಾಗಲಿಲ್ಲ. ಅವ್ವನಿಗೆ ನಾಲ್ಕು ಸಲ ಓದಿ ಹೇಳಿದ ಕಥೆ ಅದು. ಶಂಕ್ರೆಪ್ಪನವರು ಕೆಳಗಿನಿಂದ ಕರೆಯುತ್ತಿದ್ದಾರೆ. ನಾಳೆ ನಸುಕಿಗೆ ಈ ಪತ್ರ ನಿನಗೆ ಮುಟ್ಟುತ್ತದೆ. ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿರು. ಇಡೀ ಪುಸ್ತಕ ಸಿಗದಿದ್ದರೆ ನಲವತ್ತೈದನೆಯ ಪುಟವನ್ನಾದರೂ ಹುಡುಕು, ಹುಳ ತಿಂದಿದ್ದರೂ ನಡೆಯುತ್ತದೆ. ಶಂಕ್ರೆಪ್ಪನವರು ಶನಿವಾರ ರಾತ್ರಿಯ ಬಸ್ಸಿಗೆ ಮರಳುತ್ತಾರೆ. ಹುಡುಗಿ ರವಿವಾರ ಸಂಜೆಯವರೆಗೆ ಇಲ್ಲಿರುತ್ತಾಳೆ.