ಇಂಗ್ಲೆಂಡಿನಲ್ಲಿ ಗುಬ್ಬಿ ಶಾಲೆಯ ಹಾಜರಿ

ಮಾವನವರಿಗೆ ಇಂಗ್ಲೆಂಡಿನ ಚಳಿಯೊಳಗಿಂದ ನಮಸ್ಕಾರ.

ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಇಂದು ಪಾಠ ಮಾಡಿ ತೋರಿಸುವ ಸರದಿ ನನ್ನದಾಗಿತ್ತು. ಗುಬ್ಬಿ ಶಾಲೆಯಲ್ಲಿ ಮಾಡುವಂತೆಯೇ ಹಾಜರಿ ಕೂಗಿದೆ. "ಯೆಸ್ ಮಿಸ್" ಅಂದರೆ ಸಾಲದು, ಬೆಳಿಗ್ಗೆ ಏನು ತಿಂದಿರೆಂದು ಇಂಗ್ಲಿಷಿನಲ್ಲಿ ಹೇಳಬೇಕು. ಒಂಬತ್ತು ದೇಶಗಳ ಮೇಷ್ಟ್ರುಗಳು ಎದ್ದು ನಿಂತು ಹೇಳಿದರು! ವಾರದಿಂದ ಬಾಯಿ ಬಿಡದಿದ್ದ ನೇಪಾಳದ ಮೇಡಂ ಬೇಯಿಸಿದ ಮೊಟ್ಟೆಯ ಬಗ್ಗೆ ಐದು ನಿಮಿಷ ಮಾತಾಡಿದರು.

"ಹಾಜರಿಗೇ ಅರ್ಧ ಪೀರಿಯಡ್ ಹೋದ್ರೆ ಪಾಠ ಯಾವಾಗ್ ಮಾಡ್ತೀಯಮ್ಮಾ?" ಎಂದು ನಿವೃತ್ತ ಹೆಡ್‌ಮಾಸ್ಟರಾದ ನೀವು ರೇಗುತ್ತಿದ್ದಿರಲ್ಲ, ಇಲ್ಲಿನವರ ಪ್ರಕಾರ ಅದೇ ಪಾಠ. ನಾಳೆಯಿಂದ ದಿನವೂ ನಾನೇ ಕೂಗಬೇಕಂತೆ!

ಆರೋಗ್ಯವಾಗಿದ್ದೇನೆ, ಹುರಿಹಿಟ್ಟು ಇನ್ನೂ ಇದೆ. ಬಸ್ ಬಂತು. ನೀವು ಬೆಳಿಗ್ಗೆ ಏನು ತಿಂದಿರೆಂದು ಇಂಗ್ಲಿಷಿನಲ್ಲೇ ಉತ್ತರ ಬರೆಯಿರಿ. ಶುಗರ್ ಇರುವವರು ಸುಳ್ಳು ಹೇಳುವಂತಿಲ್ಲ.

ಸೊಸೆ ದಾಕ್ಷಾಯಿಣಿ