ಮನೆಹೆಸರಿನ ಕೆಳಗಿನ ಖಾಲಿ ಜಾಗ

ಚಿಯಾಯಿ,
ಏಪ್ರಿಲ್ ೧೨, ೨೦೦೧, ಗುರುವಾರ

ಪ್ರೀತಿಯ ಆ-ಜೆ,

ಹೇಗಿದ್ದೀಯ? ಕೀಲುಂಗ್‌ನ ಮಳೆ ಸ್ವಲ್ಪವಾದರೂ ಬಿಡುವು ಕೊಟ್ಟಿದೆಯೋ, ಇಲ್ಲ ಒಣಗದ ಬಟ್ಟೆಯನ್ನೇ ತೊಟ್ಟುಕೊಂಡು ಬಂದರಿಗೆ ಹೋಗುತ್ತಿದ್ದೀಯೋ? ಕ್ರೇನಿನ ಮೇಲೆ ಕೂತು ಕೂತು ನಿನಗೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಸು-ಶಿನ್ ಹೇಳಿದಳು. ನಿನ್ನ ತಂಗಿಗೆ ಎಲ್ಲ ಸುದ್ದಿಯೂ ಗೊತ್ತಿರುತ್ತದೆ, ಹೇಳುವುದು ಮಾತ್ರ ಅವಳಿಗೆ ಮನಸ್ಸು ಬಂದಾಗ. ಮೇ-ಯುಂಗ್ ಹೇಗಿದ್ದಾಳೆ? ಅವಳ ಮಗಳು ಶಾಲೆಗೆ ಸೇರಿದಳಂತೆ. ನಿನ್ನ ಹೆಂಡತಿಯ ಹೆಸರನ್ನು ನಾನು ಬರೆದದ್ದು ಇದೇ ಮೊದಲು, ನೋಡು. ಬರೆದರೆ ಕೈಯೇನೂ ಬಿದ್ದುಹೋಗಲಿಲ್ಲ. ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಮೂಲೆಯ ಅಂಗಡಿಯಲ್ಲಿ ಟರ್ಕಿ ಕೋಳಿಯ ಅನ್ನ ತಿನ್ನುತ್ತೇನೆ, ರಾತ್ರಿಗೆ ನಿನ್ನ ತಮ್ಮ ಟಾಂಗ್ ಏನಾದರೂ ಬೇಯಿಸುತ್ತಾನೆ. ಅದು ಏನೆಂದು ಅವನನ್ನೇ ಕೇಳಬೇಕು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿಯುವ ಮೊದಲು ಒಂದು ಸಲ ಓದು.

ನಿಮ್ಮಮ್ಮನ ಅಂತ್ಯಕ್ರಿಯೆಯ ದಿನ ನೀನು ಬಂದಿದ್ದೆ ಎಂದು ನನಗೆ ಗೊತ್ತು. ಗಲ್ಲಿಯ ಬಾಯಲ್ಲಿ ಮಗುವಿನ ಕೈ ಹಿಡಿದು ನಿಂತು, ಗೋಡೆಗೆ ಅಂಟಿಸಿದ್ದ ಸಾವಿನ ಕಾಗದ ಓದುತ್ತಿದ್ದೆಯಂತೆ. ಸು-ಶಿನ್ ನಿನ್ನನ್ನು ನೋಡಿ ಚಪ್ಪಲಿಯೂ ಇಲ್ಲದೆ ಓಡಿ ಬರುವಷ್ಟರಲ್ಲಿ ನೀನು ಸ್ಕೂಟರ್ ತಿರುಗಿಸಿಕೊಂಡು ಹೋಗಿಬಿಟ್ಟಿದ್ದೆ. ಏನಾಯಿತೆಂದು ಅವಳು ಆಗ ಕಾಗದದ ಮುಂದೆ ನಿಂತು ನೋಡಿದಳು. ‘ಹಿರಿಯ ಮಗ ಲಿಯಾವ್’ ಎಂದು ಇತ್ತು, ಅದರ ಕೆಳಗೆ ಬಿಳಿ ಜಾಗ. ಅದಾದಮೇಲೆ ‘ಕಿರಿಯ ಮಗ ಲಿಯಾವ್ ಟಾಂಗ್, ಮಗಳು ಲಿಯಾವ್ ಸು-ಶಿನ್’ ಎಂದು ಎಲ್ಲ ಸರಿಯಾಗಿಯೇ ಇತ್ತು. ಮನೆಹೆಸರು ಕೊಟ್ಟು ಹೆಸರು ಕಿತ್ತುಕೊಂಡ ಹಾಗೆ. ನಂಟರೆಲ್ಲ ಆಗಲೇ ಪಿಸುಗುಟ್ಟುತ್ತಿದ್ದರು. ನಿನ್ನ ಸೋದರಮಾವನಂತೂ ಎಲ್ಲರಿಗೂ ಕೇಳುವ ಹಾಗೆಯೇ, “ಮುದುಕ ಕೊನೆಗೂ ಹಟ ಸಾಧಿಸಿದ ನೋಡ್ರೋ, ಹೆಂಡ್ತಿ ಸತ್ತ ದಿನಾನೂ ಬಿಡ್ಲಿಲ್ಲ” ಅಂದ. ಅಮ್ಮನ ಹೆಸರಿನ ಹಲಗೆಯನ್ನು ನೀನು ಹಿಡಿದು ಮುಂದೆ ನಡೆಯಬೇಕಿತ್ತು, ಟಾಂಗ್ ಹಿಡಿದು ನಡೆದ. ಇಡೀ ದಾರಿ ಅವನು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ.

ಆ-ಜೆ, ನಿನ್ನ ಹೆಸರು ಹೋದದ್ದು ಕಂಪ್ಯೂಟರಿನಿಂದ. ಹೇಗೆಂದು ಪೂರ್ತಿ ಹೇಳುತ್ತೇನೆ, ನಡುವೆ ಬಿಡಬೇಡ. ನಿನ್ನ ಹೆಸರನ್ನು ನಿಘಂಟು ತಿರುವಿ ಹಾಕಿ ಹುಡುಕಿದವನು ನಾನೇ. ಊರವರ ಹೆಸರನ್ನೆಲ್ಲ ಮೊಹರಿನಲ್ಲಿ ಕೆತ್ತುವವನ ಹಿರಿಯ ಮಗನಿಗೆ ಯಾರಿಗೂ ಇಲ್ಲದ ಅಕ್ಷರ ಬೇಕು ಎನ್ನುವ ಜಂಬ ನನಗೆ. ‘ಶುಭ’ ಅನ್ನುವ ಅಕ್ಷರ ಎರಡು ಸಲ, ಅಕ್ಕಪಕ್ಕ ಸೇರಿ ಒಂದೇ ಅಕ್ಷರ, ಜೆ. ಯಾವ ಕಂಪ್ಯೂಟರಿನಲ್ಲೂ ಆ ಅಕ್ಷರವೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ನೀನು ಪಾಲಿಟೆಕ್ನಿಕ್ಕಿನಲ್ಲಿದ್ದಾಗ ಮನೆಗೆ ಆ ಕಂಪ್ಯೂಟರ್ ತಂದು, ಮೊದಲ ಭಾನುವಾರವೇ ಚುಕ್ಕಿ ಚುಕ್ಕಿ ಇಟ್ಟು ನಿನ್ನ ಅಕ್ಷರವನ್ನು ನೀನೇ ಬರೆದುಕೊಂಡೆ. ನಿಮ್ಮಮ್ಮ ಪಕ್ಕದಲ್ಲಿ ಕೂತು ಸೀಬೆಹಣ್ಣು ಹೆಚ್ಚಿ ನಿನ್ನ ಬಾಯಿಗೆ ಇಡುತ್ತಿದ್ದಳು. ಬಲಗಡೆಯ ಶುಭ ಕುಳ್ಳಗಾಯಿತು ಎಂದು ನಾನು ತಗಾದೆ ತೆಗೆದರೆ, “ಅಪ್ಪಾ, ಇರೋ ಚುಕ್ಕಿನೇ ಇಷ್ಟು, ಇನ್ನೆಲ್ಲಿಂದ ತರ್ಲಿ?” ಅಂದೆ. ಹಾಗೆ ಬರೆದ ಅಕ್ಷರ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಸಿಸ್ಟಮ್ ಫೈಲಿನಲ್ಲಿ ಇರುತ್ತದಂತೆ. ಆ ಫೈಲ್ ಇದ್ದರೆ ಅಕ್ಷರ ಕಾಣುತ್ತದೆ, ಇಲ್ಲದಿದ್ದರೆ ಆ ಜಾಗ ಬರಿದು.

ನಿಮ್ಮಮ್ಮ ಹೋದ ಮರುದಿನ ಸ್ಟುಡಿಯೋದವನು ಅವಳ ಫೋಟೋವನ್ನು ಡಿಸ್ಕಿನಲ್ಲಿ ಹಾಕಿ ಕೊಟ್ಟ. ದೊಡ್ಡದು ಮಾಡಿಸಬೇಕಿತ್ತು, ಹಿನ್ನೆಲೆಯಲ್ಲಿದ್ದ ಮೀನಿನ ಅಂಗಡಿಯ ಬೋರ್ಡು ತೆಗೆಯಬೇಕಿತ್ತು. ಕಂಪ್ಯೂಟರಿಗೆ ಹಾಕಿದರೆ ಜಾಗವಿಲ್ಲ ಎಂದು ಹಟ ಹಿಡಿಯಿತು. ನನಗೆ ತಲೆ ನೆಟ್ಟಗಿರಲಿಲ್ಲ. ಏನೆಂದು ಅರ್ಥವಾಗದ ಹೆಸರಿನ ಫೈಲುಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಾ ಹೋದೆ. ಒಂದು ಕಡೆ ಅದು, ಇದು ಸಿಸ್ಟಮ್ ಫೈಲ್, ನಿಜವಾಗಿಯೂ ತೆಗೆಯಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ, ನನಗೆ ಎಲ್ಲ ಚೊಕ್ಕಟವಾಗಿರಬೇಕಲ್ಲ. ಆಮೇಲೆ ಟಾಂಗ್ ಬಂದು ಕಣ್ಣೊರೆಸಿಕೊಳ್ಳುತ್ತಲೇ ಸಾವಿನ ಕಾಗದ ತಯಾರು ಮಾಡಿದ. ಹೆಸರುಗಳನ್ನು ಕಂಪ್ಯೂಟರಿನಲ್ಲೇ ಇದ್ದ ಸು-ಶಿನ್ ಮದುವೆಯ ಕರೆಯೋಲೆಯಿಂದ ಎತ್ತಿ ಹಾಕಿಕೊಂಡ, ನಿನ್ನದೂ ಅದರಲ್ಲಿತ್ತು, ಅದು ಕಾಣುವುದಿಲ್ಲ ಎಂದು ಆ ಸ್ಥಿತಿಯಲ್ಲಿ ಅವನಿಗೆ ತಿಳಿಯಲಿಲ್ಲ.

ಅಂತ್ಯಕ್ರಿಯೆ ಮುಗಿದ ಮೇಲೆ ಸು-ಶಿನ್ ನನ್ನ ಹತ್ತಿರ ಮಾತು ಬಿಟ್ಟಳು. ನಾನು ಎಷ್ಟು ಸಲ ಕಂಪ್ಯೂಟರು ಕಂಪ್ಯೂಟರು ಎಂದರೂ ಗೋಡೆ ನೋಡುತ್ತಾ ಕೂರುತ್ತಿದ್ದಳು. ಟಾಂಗ್ ಪಾಪ, “ಎರಡು ಶುಭಾನ ಪಕ್ಕಪಕ್ಕ ಹಾಕಿ ಬೇರೆ ಕಾಗದ ಮಾಡಿ ಅಣ್ಣಂಗೆ ಕಳಿಸ್ಬಿಡೋಣ ಬಿಡಿ” ಅಂದ. “ಸಾವಿನ ಕಾಗದದ ಮೇಲೆ ಶುಭ ಶುಭ ಅಂತ ಹಾಕ್ತೀಯೇನೋ, ತಲೆ ಇದ್ಯಾ ನಿಂಗೆ?” ಎಂದು ಗದರಿದೆ. ಕಳೆದುಹೋದ ಫೈಲೇ ಸಿಗಬೇಕು, ನೀನು ಬರೆದ ಆ ಕುಳ್ಳ ಅಕ್ಷರವೇ ವಾಪಸು ಬರಬೇಕು, ಆಗಲಾದರೂ ಇವರೆಲ್ಲ ನನ್ನನ್ನು ನಂಬುತ್ತಾರೆ ಅನ್ನಿಸಿತು. ಸು-ಶಿನ್ ಜೊತೆ ಓದಿದ ಖೋ ಯಾ-ಲಿಂಗ್ ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ, ನೆನಪಿದೆಯಾ, ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೇ ಉಂಡು ಮಲಗುತ್ತಿದ್ದವಳು. ಅವಳನ್ನು ಕರೆಸಿದೆ. ಬಂದವಳು ಮೊದಲು ನಿಮ್ಮಮ್ಮನ ಫೋಟೋಗೆ ಊದುಬತ್ತಿ ಹಚ್ಚಿದಳು, ಆಮೇಲೆ ನನ್ನನ್ನು ವಿಚಾರಣೆಗೆ ನಿಲ್ಲಿಸಿದಳು.

“ದೊಡ್ಡಪ್ಪಾ, ಅಳಿಸಿದ್ಮೇಲೆ ಇದರಲ್ಲಿ ಏನೇನ್ ಮಾಡಿದ್ರಿ? ನಿಜ ಹೇಳ್ಬೇಕು” ಅಂದಳು. ನಿದ್ದೆ ಬಾರದೆ ದಿನಾ ಕೂತು ಅದರಲ್ಲೇ ಮಾಜಾಂಗ್ ಆಟ ಆಡುತ್ತಿದ್ದೆ, ಮಗನೇ, ಅದನ್ನೇ ಹೇಳಿದೆ. “ಅಯ್ಯೋ ದೇವ್ರೇ, ಹೊಸ ಆಟ ಬೇರೆ ಹಾಕ್ಕೊಂಡಿದೀರಾ? ಸೂತಕದ ಮನೇಲಿ ಕೂತು ಯಾರ್ ಮೇಲೆ ಗೆಲ್ತಿದ್ರಿ?” ಎಂದು ಅವಳು ನಗಲಾರದೆ ನಕ್ಕಳು. ಫೈಲ್ ಅಳಿಸಿದರೆ ಅದು ಹೋಗುವುದಿಲ್ಲವಂತೆ. ಕಂಪ್ಯೂಟರ್ ಅದರ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಒರೆಸಿ, ಈ ಜಾಗ ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದಂತೆ. ಬೇರೆ ಯಾವುದಾದರೂ ಬಂದು ಆ ಜಾಗದಲ್ಲಿ ಕೂರುವವರೆಗೆ ಅದು ಅಲ್ಲೇ ಬಿದ್ದಿರುತ್ತದೆ. ಅಂದರೆ ನನ್ನ ಒಂದೊಂದು ಆಟವೂ ನಿನ್ನ ಅಕ್ಷರದ ಮೇಲೆ ಹೋಗಿ ಕೂರಬಹುದಿತ್ತು. ಅವಳು ಡಬ್ಬಿ ಬಿಚ್ಚಿ, ಡಿಸ್ಕ್ ತೆಗೆದು, ಟವೆಲಿನಲ್ಲಿ ಸುತ್ತಿ ಸ್ಕೂಟರಿನಲ್ಲಿ ತೆಗೆದುಕೊಂಡು ಹೋದಳು. “ಪುಣ್ಯ ಇದ್ರೆ ಸಿಗತ್ತೆ. ಇಲ್ದಿದ್ರೆ ನನ್ನ ಬೈಬೇಡಿ” ಎಂದು ಗಲ್ಲಿಯಿಂದಲೇ ಕೂಗಿದಳು.

ಆ ವಾರ ನಾನು ಅಂಗಡಿ ತೆಗೆಯಲಿಲ್ಲ. ನೀನು ನಂಬಲಿಕ್ಕಿಲ್ಲ, ನಿಮ್ಮಮ್ಮನ ಮುಂದೆ ಕೂತು ಹರಕೆಯೂ ಹೊತ್ತೆ. ಸಿಕ್ಕಿದೆ ಎಂದು ಯಾ-ಲಿಂಗ್ ಫೋನ್ ಮಾಡಿದಾಗ ಮಧ್ಯಾಹ್ನದ ಬಿಸಿಲಲ್ಲಿ ನಡೆದೇ ಹೋದೆ. ಪರದೆಯ ಮೇಲೆ ಅಳಿಸಿದ ಫೈಲುಗಳದೊಂದು ಸಾಲು, ಎಲ್ಲದರ ಮೊದಲ ಅಕ್ಷರದ ಜಾಗದಲ್ಲೂ ಪ್ರಶ್ನೆಯ ಗುರುತು. “ಮೊದಲ್ನೇ ಅಕ್ಷರ ಏನು ಅಂತ ಇದೇ ನಮ್ಮನ್ನ ಕೇಳತ್ತೆ ದೊಡ್ಡಪ್ಪಾ, ನಾವು ಹೇಳಿದ್ರೆ ಎದ್ದು ಬರತ್ತೆ” ಎಂದು ಅವಳೇ ಒಂದು ಅಕ್ಷರ ಒತ್ತಿದಳು. ಮನೆಗೆ ತಂದು ಜೋಡಿಸಿ ಸಾವಿನ ಕಾಗದ ತೆರೆದಳು. ಹಿರಿಯ ಮಗ ಲಿಯಾವ್, ಅದರ ಕೆಳಗೆ ಎರಡು ಶುಭ. ಬಲಗಡೆಯದು ಕುಳ್ಳ. ಸು-ಶಿನ್ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನನ್ನ ತೋಳು ಹಿಡಿದುಕೊಂಡು ಅತ್ತಳು, “ತಪ್ಪಾಯ್ತು ಅಪ್ಪಾ, ನಿಮ್ಮ ಮೇಲೆ ಅನುಮಾನ ಪಟ್ಟೆ” ಅಂದಳು. ನಿನ್ನ ಸೋದರಮಾವನನ್ನೂ ಕರೆಸಿ ತೋರಿಸಿದೆವು. ಅವನೂ ತಲೆ ತಗ್ಗಿಸಿದ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಈ ತಿಂಗಳ ಕೊನೆಯ ಭಾನುವಾರ ನಿಮ್ಮಮ್ಮನ ನೂರನೇ ದಿನ. ಮೊದಲ ಊದುಬತ್ತಿ ಹಿರಿಯ ಮಗನದು, ಅದನ್ನು ಟಾಂಗ್ ಕೈಯಲ್ಲಿ ಕೊಡುವುದಿಲ್ಲ ಎಂದು ಅವನಿಗೂ ಹೇಳಿದ್ದೇನೆ. ಮೇ-ಯುಂಗ್ ಬರಲಿ, ಮಗುವೂ ಬರಲಿ. ಆ ಹೆಂಗಸನ್ನು ಹೊಸಿಲು ದಾಟಿಸಬೇಡ ಎಂದು ಅವತ್ತು ಕೂಗಾಡಿದ ಬಾಯಿಂದಲೇ ಈಗ ಕರೆಯುತ್ತಿದ್ದೇನೆ. ಮೇಲಿನ ಕೋಣೆ ಗುಡಿಸಿಟ್ಟಿದ್ದೇವೆ. ನಿನ್ನ ಹೆಸರಿರುವ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ನೋಡು.

ನಿನ್ನ ಸೊಂಟಕ್ಕೆ ಬಿಸಿನೀರು ಕಾಯಿಸಿ ಹಾಕಿಸಿಕೊಳ್ಳುತ್ತಿರು. ಮೇ-ಯುಂಗ್‌ಗೂ ಮಗುವಿಗೂ ಈ ಮುದುಕನ ಆಶೀರ್ವಾದ ಬೇಕೆನಿಸಿದರೆ ಹೇಳು, ಬೇಡವೆಂದರೆ ಬಲವಂತವಿಲ್ಲ. ನಿನಗಂತೂ ಯಾವತ್ತೂ ಇದೆ.

ನಿನ್ನ ಅಪ್ಪ,
ಲಿಯಾವ್ ಶುಯಿ-ಮು

ತಾ. ಕ.: ಸು-ಶಿನ್ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಅವಳು ಓದುವ ಮೊದಲು ಅಂಟಿಸಬೇಕು. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ಬಿಟ್ಟಿದ್ದೇನೆ. ಸಾವಿನ ಕಾಗದದ ಮೊದಲ ಹಾಳೆಯನ್ನು ಟಾಂಗ್ ನನ್ನ ಕೈಗೆ ಕೊಟ್ಟು “ಸರಿಯಿದ್ಯಾ ಅಪ್ಪಾ?” ಎಂದು ಕೇಳಿದ್ದ. ಹೆಸರು ಓದುವುದೇ ನನ್ನ ಕಸುಬು, ಆ ಖಾಲಿ ಜಾಗ ನನ್ನ ಕಣ್ಣಿಗೆ ಮೊದಲೇ ಬಿತ್ತು. ಕುಂಚ ಎದುರಿಗೇ ಇತ್ತು, ಬರೆಯಲು ಒಂದು ಗಳಿಗೆ ಸಾಕಿತ್ತು. ಮೂರು ಹೊಸವರ್ಷ ನೀನು ಬಾರದೆ ನಿಮ್ಮಮ್ಮ ಬಾಗಿಲು ನೋಡುತ್ತಾ ಕೂತಿದ್ದು ನೆನಪಾಯಿತು. ಬಾರದ ಹಾಗೆ ಮಾಡಿದವನು ನಾನೇ ಎನ್ನುವುದು ನೆನಪಾಗಲಿಲ್ಲ. ನೋಡಲಿ, ಅವನಿಗೂ ಉರಿಯಲಿ ಅಂದುಕೊಂಡೆ. “ಸರಿಯಿದೆ” ಎಂದು ಟಾಂಗ್‌ಗೆ ಹೇಳಿದೆ. ಇದು ಇಲ್ಲಿ ಯಾರಿಗೂ ಗೊತ್ತಿಲ್ಲ, ನಾನು ನಿರಪರಾಧಿ ಎಂದು ಎಲ್ಲರೂ ನಂಬಿದ್ದಾರೆ. ಆ ಭಾನುವಾರ ನೀನು ಬಂದರೆ ಅವರೆಲ್ಲರ ಎದುರಿಗೆ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ನನ್ನ ಮೇಲಿನ ಸಿಟ್ಟನ್ನು ಅಲ್ಲಿ ಬಿಟ್ಟು ಬರಬೇಡ, ತೆಗೆದುಕೊಂಡೇ ಬಾ. ಆದರೆ ಬಾ.